ಗುಲ್ಬರ್ಗಾದಲ್ಲಿ ಹುಟ್ಟಿದವಳು

ಶಹಾಪುರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುವ ಕವಿತಾಳಿಗೆ ಶಾಲೆಗೆ ಸೇರುವ ತನಕ ಕವಿತಾ ಎಂಬ ಹೆಸರೇ ಇರಲಿಲ್ಲ. ಅವಳಪ್ಪ ಅಯ್ಯಣ್ಣನದು ಯಾದಗಿರಿ ಹತ್ತಿರದ ಹತ್ತಿಕುಣಿ. ಸ್ವಲ್ಪ ಒಣಬೇಸಾಯ, ಒಂದು ಹಿಂಡು ಕುರಿ. ಸುಗ್ಗಿ ಮುಗಿಯಿತೆಂದರೆ ಅಯ್ಯಣ್ಣ ಹೆಂಡತಿಯನ್ನು ಕರೆದುಕೊಂಡು, ಕುರಿ ಹೊಡೆದುಕೊಂಡು, ಭೀಮಾ ನದಿ ದಾಟಿ ಶಹಾಪುರದ ಸೀಮೆಗೆ ಬರುವನು. ಹೊಲದವರು ಗೊಬ್ಬರದ ಆಸೆಗೆ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಜೋಳ ಅಳೆದು ಕೊಡುತ್ತಿದ್ದರು. ಹಾಗೆ ದೋರನಹಳ್ಳಿಯ ರೈತನೊಬ್ಬನ ಹೊಲದಲ್ಲಿ ಹಟ್ಟಿ ಹಾಕಿದ್ದಾಗ, ನಾಲ್ಕು ಕೋಲಿಗೆ ಕಂಬಳಿ ಕಟ್ಟಿದ ಮರೆಯಲ್ಲಿ ಭೀಮವ್ವ ಈ ಮಗಳನ್ನು ಹೆತ್ತಳು.

ಇವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಯಾವುವೂ ದಕ್ಕಿರಲಿಲ್ಲ. ಅದಕ್ಕೇ ಭೀಮವ್ವ ಮೈಯಲ್ಲಿನ್ನೂ ಕಸುವು ಕೂಡದಿದ್ದರೂ ಎದ್ದು, ಮಗುವನ್ನು ಮೊರದಲ್ಲಿಟ್ಟುಕೊಂಡು ಹೊಲದ ಮೂಲೆಯ ತಿಪ್ಪೆಯ ಮೇಲೆ ಒಂದು ಸಲ ಉರುಳಿಸಿ, ‘ಇದು ನಂದಲ್ಲ, ತಿಪ್ಪಿದು’ ಎಂದು ಗಟ್ಟಿಯಾಗಿ ಹೇಳಿ ಎತ್ತಿಕೊಂಡಳು. ತಿಪ್ಪೆಗೆ ಬಿದ್ದದ್ದನ್ನು ಸಾವೂ ಮೂಸುವುದಿಲ್ಲ ಎಂಬ ನಂಬಿಕೆ. ಹೆಸರು ತಿಪ್ಪವ್ವ ಎಂದಾಯಿತು. ಕರೆಯುವುದು ತಿಪ್ಪಿ. ಮುಂದೆ ಹತ್ತಿಕುಣಿಯ ಶಾಲೆಗೆ ಹಾಕುವಾಗ ತಿಮ್ಮಣ್ಣ ಮಾಸ್ತರರು ಆ ಹೆಸರು ಕೇಳಿ ಪೆನ್ನು ಎತ್ತಿ ಹಿಡಿದರು. ‘ಅಯ್ಯಣ್ಣಾ, ನಾಳೆ ಈ ಹುಡುಗಿ ಓದಿ ಮುಂದ ಬಂದ್ರ ನಿನಗ ಬೈತಾಳ ನೋಡು’ ಎಂದು, ತಮಗೆ ತೋಚಿದ ಹೆಸರನ್ನು ಬರೆದುಕೊಂಡರು.

ಹುಡುಗಿ ಓದಿ ಮುಂದೆ ಬಂದಳು. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಮುಗಿಸಿದಳು. ಯಾರ ಶಿಫಾರಸೂ ಇಲ್ಲದೆ ನೌಕರಿ ಹಿಡಿದಳು. ಸುರಪುರದ ಮಹೇಶಕುಮಾರನನ್ನು ಮದುವೆಯಾದಳು. ಅವನೂ ಅವರದೇ ಜನ. ಆದರೆ ಅಜ್ಜನ ಕಾಲಕ್ಕೇ ಕುರಿ ಮಾರಿ ಪೇಟೆ ಸೇರಿದ ಮನೆತನ. ಅವನು ವಿದ್ಯುತ್ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ. ಸಾದಾ ಮನುಷ್ಯ, ನಗುವುದಕ್ಕೆ ಕಾರಣ ಹುಡುಕದವನು. ಹೆಂಡತಿಯ ತವರು ಎಂಥದೆಂದು ಅವನಿಗೆ ಗೊತ್ತಿತ್ತು, ಅದರ ಬಗ್ಗೆ ಅವನಿಗೆ ಏನೂ ಅನಿಸಿರಲಿಲ್ಲ.

ಅನಿಸುತ್ತಿದ್ದದ್ದು ಅವಳಿಗೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಊರು ಕೇಳಿದರೆ ‘ಯಾದಗಿರಿ ಕಡೀರಿ’ ಎಂದು ಮಾತು ತಿರುಗಿಸುತ್ತಿದ್ದಳು. ಅಪ್ಪ ಏನು ಮಾಡುತ್ತಾರೆಂದರೆ ‘ಒಕ್ಕಲುತನ’. ಎರಡೂ ಸುಳ್ಳಲ್ಲ. ತರಗತಿಯಲ್ಲಿ ಜನಪದ ಗೀತೆಯ ಪಾಠ ಬಂದಾಗ ಕುರಿಗಾರರ ಬದುಕನ್ನು ಮನಮುಟ್ಟುವಂತೆ ವಿವರಿಸುತ್ತಿದ್ದಳು, ಯಾರೋ ಬೇರೆಯವರ ಬದುಕು ಎಂಬಂತೆ.

ಅಯ್ಯಣ್ಣ ಹೋದ ವರ್ಷ ತೀರಿಕೊಂಡ. ಈ ಬೇಸಿಗೆಯಲ್ಲಿ ತಮ್ಮ ಪರಶುರಾಮನ ಮದುವೆ ಗೊತ್ತಾಯಿತು. ಹೆಣ್ಣು ಸುರಪುರದ ಪಕ್ಕದ ರಂಗಂಪೇಟೆಯದು. ಲಗ್ನಪತ್ರಿಕೆ ಹೆಣ್ಣಿನವರೇ ಅಲ್ಲಿಯ ಪ್ರೆಸ್ಸಿನಲ್ಲಿ ಮಾಡಿಸುವುದೆಂದು ಮಾತಾಗಿತ್ತು. ಪತ್ರಿಕೆಯ ಮೇಲೆ ತೀರಿಹೋದ ಬೀಗರ ಫೋಟೋ ಹಾಕದೆ ಇರುವುದು ಹೇಗೆ? ಆದರೆ ಅಯ್ಯಣ್ಣನ ಫೋಟೋ ಎಂಬುದು ಇದ್ದದ್ದೇ ಒಂದು. ಆಧಾರ್ ಕಾರ್ಡಿನ ಮೇಲಿನದು ಮನುಷ್ಯನದೋ ಕಂಬಳಿಯದೋ ತಿಳಿಯುತ್ತಿರಲಿಲ್ಲ. ನೆಟ್ಟಗಿದ್ದ ಆ ಒಂದನ್ನು ಕವಿತಾಳೇ ಮೂರು ವರ್ಷದ ಹಿಂದೆ ತನ್ನ ಮನೆಯ ಅಂಗಳದಲ್ಲಿ ಫೋನಿನಲ್ಲಿ ತೆಗೆದಿದ್ದಳು. ಆ ಫೋನು ಆಮೇಲೆ ನೀರಿಗೆ ಬಿದ್ದು ಹಾಳಾಯಿತು. ಪುಣ್ಯಕ್ಕೆ ಫೋಟೋವನ್ನು ಮನೆಯ ಕಂಪ್ಯೂಟರಿಗೆ ಹಾಕಿಟ್ಟಿದ್ದಳು.

‘ಅಕ್ಕಾ, ಪ್ರೆಸ್ಸಿನವರು ಇವತ್ತ ಸಂಜಿಕ್ಕ ಅಚ್ಚಿಗೆ ಹಾಕ್ತಾರಂತ. ಅಪ್ಪನ ಫೋಟೋ ಜಲ್ದಿ ಕಳಸು’ ಎಂದು ಪರಶುರಾಮ ಫೋನು ಮಾಡಿದಾಗ ಅವಳು ಕಂಪ್ಯೂಟರ್ ಮುಂದೆ ಹೋಗಿ ಕುಳಿತಳು. ಅದು ಅವಳ ಪಾಸ್‌ವರ್ಡ್ ಒಪ್ಪಲಿಲ್ಲ.

ತಪ್ಪು ಅವಳದೇ. ಯುಗಾದಿಗೆ ಬಂದಿದ್ದ ನಾದಿನಿಯ ಮಕ್ಕಳು ಮೂರೂ ಹೊತ್ತು ಅದರಲ್ಲಿ ಆಟವಾಡುತ್ತಾರೆಂದು ಅವಸರದಲ್ಲಿ ಹೊಸ ಪಾಸ್‌ವರ್ಡ್ ಇಟ್ಟಿದ್ದಳು. ಅದಾದ ಮೇಲೆ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ಕಲಬುರಗಿಗೆ ಹೋದಳು. ಬಂದು ನೋಡಿದರೆ ತಲೆಯಲ್ಲಿ ಅದರ ಸುಳಿವೇ ಇಲ್ಲ. ಗಂಡನ ಹೆಸರು ಹಾಕಿ ನೋಡಿದಳು, ಮನೆದೇವರ ಹೆಸರು ಹಾಕಿದಳು, ಹಿಂದೆ ಮುಂದೆ ಅಂಕಿ ಸೇರಿಸಿದಳು, ಒಂದೊಂದೇ ಅಕ್ಷರ ಒತ್ತಿ ನೋಡಿದಳು. ಪ್ರತಿ ಸಲವೂ ತಪ್ಪು, ತಪ್ಪು. ಆಮೇಲೆ ಸ್ವಲ್ಪ ಹೊತ್ತು ತಡೆದು ಪ್ರಯತ್ನಿಸಿ ಎಂದು ಅದೇ ಅವಳಿಗೆ ಬುದ್ಧಿ ಹೇಳಿತು.

ಭೀಮವ್ವ ಅಂದು ಬೆಳಿಗ್ಗೆಯಷ್ಟೇ ಬಸ್ಸಿನಲ್ಲಿ ಬಂದಿದ್ದಳು, ಮದುವೆಯ ಸೀರೆ ತರುವುದಕ್ಕೆ. ಬರುವಾಗ ಹೊಸ ಹುಣಸೆಹಣ್ಣು ಕಟ್ಟಿಕೊಂಡು ಬಂದಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಹಣ್ಣಿನ ನಾರು ಬಿಡಿಸುತ್ತಿದ್ದಳು.

‘ಏನಾತು?’ ಎಂದಳು.

‘ಏನಿಲ್ಲವ್ವಾ. ಇದು ಬಾಗಲಾ ತೆಗೀವಲ್ದು.’

‘ಕೀಲಿ ಕಳಕೊಂಡಿಯೇನು?’

‘ಹಂಗಾ ಅಂದ್ಕೊ.’

ಮಹೇಶಕುಮಾರ ಬೈಕಿನಲ್ಲಿ ಹೋಗಿ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಮೌಲಾಲಿಯನ್ನು ಹಿಂದೆ ಕೂರಿಸಿಕೊಂಡು ಬಂದ. ಮೌಲಾಲಿ ಮಾತಿನ ಮನುಷ್ಯ. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದ.

‘ಫಿಕರ್ ಮಾಡಬ್ಯಾಡ್ರಿ ಮೇಡಂ. ಇದು ಸಸಾರ ಕೆಲಸ. ಹೊಸದಾಗಿ ಚಾಲೂ ಮಾಡುವಾಗ ನೀವು ಮೂರು ಪ್ರಶ್ನಿಗೆ ಉತ್ತರ ಕೊಟ್ಟಿರ್ತೀರಿ. ಅವನ್ನ ಬರೋಬರ್ ಹೇಳಿದ್ರ ಸಾಕು, ಹೊಸ ಪಾಸ್‌ವರ್ಡ್ ಇಟ್ಕೋ ಅಂತದ. ಎಲ್ಲಾ ನಿಮ್ಮವೇ ಸಂಗತಿ ಇರ್ತಾವ. ಮರೀಯೋ ಅಂಥಾವಲ್ಲ.’

ಅವನು ಏನೋ ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಪ್ರಶ್ನೆಗಳು ಬಂದವು. ನೀವು ಹುಟ್ಟಿದ ಊರು ಯಾವುದು? ಚಿಕ್ಕಂದಿನಲ್ಲಿ ನಿಮ್ಮನ್ನು ಮುದ್ದಿನಿಂದ ಏನೆಂದು ಕರೆಯುತ್ತಿದ್ದರು? ನೀವು ಮೊದಲು ಕಲಿತ ಶಾಲೆಯ ಹೆಸರೇನು?

ಓದುತ್ತಿದ್ದಂತೆ ಕವಿತಾ ಒಂದು ಹೆಜ್ಜೆ ಹಿಂದೆ ಸರಿದಳು.

ಕೊರೊನಾ ಬಂದು ಶಾಲೆಗಳು ಮುಚ್ಚಿ ಮತ್ತೆ ತೆರೆದ ಮೇಲೆ ಕೊಂಡ ಕಂಪ್ಯೂಟರ್ ಅದು. ಕವಿತಾಳಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಅವಳ ಶಾಲೆಯಲ್ಲೇ ಇಂಗ್ಲಿಷ್ ಹೇಳಿಕೊಡುವ ಪರಿಮಳಾ ಒಂದು ಭಾನುವಾರ ತಾನೇ ಮನೆಗೆ ಬಂದು ಎಲ್ಲವನ್ನೂ ಹೊಂದಿಸಿಕೊಟ್ಟಿದ್ದಳು. ಪರಿಮಳಾ ಕಾಲೇಜು ಉಪನ್ಯಾಸಕರ ಮಗಳು, ಕಲಬುರಗಿಯಲ್ಲಿ ಬೆಳೆದವಳು. ಸೀರೆ ಉಡುವ ರೀತಿ, ಟಿಫಿನ್ ಡಬ್ಬಿ ತೆರೆಯುವ ರೀತಿ, ಹೆಡ್‌ಮಾಸ್ತರರಿಗೆ ಎದುರುತ್ತರ ಕೊಡುವ ರೀತಿ, ಎಲ್ಲದರಲ್ಲೂ ಕವಿತಾ ಅವಳನ್ನು ಒಳಗೊಳಗೇ ನೋಡಿ ಕಲಿಯುತ್ತಿದ್ದಳು. ಅಂಥವಳು ಮನೆಗೆ ಬಂದ ದಿನವೇ, ಹೇಳದೆ ಕೇಳದೆ, ಅಪ್ಪ ಅವ್ವ ಬಂದಿಳಿದಿದ್ದರು. ಕುರಿ ದೋರನಹಳ್ಳಿ ಕಡೆ ಇದ್ದವು. ಮಗಳನ್ನು ನೋಡಿ ಹೋಗೋಣವೆಂದು ಬಂದಿದ್ದರು. ಅಪ್ಪನ ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಹಿಂಡಿನ ವಾಸನೆ.

‘ಸಾಲಿ ಮೇಡಂ ಬಂದಾರ. ನೀವು ಒಳಗ ಕೂಡ್ರಿ, ಚಾ ಅಲ್ಲೇ ತರ್ತೀನಿ’ ಎಂದು ಕವಿತಾ ಅವರನ್ನು ಒಳಕೋಣೆಗೆ ಕಳಿಸಿ ಪರದೆ ಎಳೆದಿದ್ದಳು.

ಪರಿಮಳಾ ಪ್ರಶ್ನೆ ಓದಿದ್ದಳು, ಕವಿತಾ ಉತ್ತರ ಹೇಳಿದ್ದಳು, ಪರಿಮಳಾ ಟೈಪು ಮಾಡಿದ್ದಳು. ಹುಟ್ಟಿದ ಊರು ಎಂದಾಗ ಬಾಯಿಂದ ಗುಲ್ಬರ್ಗಾ ಎಂದು ಬಂದುಬಿಟ್ಟಿತ್ತು. ‘ಅರೆ, ಹೌದಾ? ಯಾವ ಕಡೆ?’ ಎಂದು ಪರಿಮಳಾ ಕೇಳಿದ್ದಕ್ಕೆ, ‘ದೊಡ್ಡ ದವಾಖಾನ್ಯಾಗ ಹುಟ್ಟಿದ್ದಷ್ಟರಿ. ಆಮ್ಯಾಲ ಯಾದಗಿರಿಗೆ ಬಂದ್ವಿ’ ಎಂದು ಇನ್ನೊಂದು ಸೇರಿಸಿದ್ದಳು. ಒಂದು ಹೇಳಿದ ಮೇಲೆ ಉಳಿದವು ತಾವಾಗಿಯೇ ಬಂದಿದ್ದವು. ಏನು ಬಂದಿದ್ದವು ಎಂಬುದು ಮಾತ್ರ ಈಗ ನೆನಪಿರಲಿಲ್ಲ.

ಮಹೇಶಕುಮಾರ ಪ್ರಶ್ನೆಗಳನ್ನು ಓದಿ ನಕ್ಕ. ‘ಇಷ್ಟೇನಾ? ಬರಿ ಮೌಲಾಲಿ. ಊರು ಹತ್ತಿಕುಣಿ. ಕರಿಯೂ ಹೆಸರು ತಿಪ್ಪಿ. ಏನ್ ಕವಿತಾ, ತಿಪ್ಪಿ ಅಲ್ಲೇನು? ಸಾಲಿ, ಹತ್ತಿಕುಣಿ ಸರ್ಕಾರಿ ಸಾಲಿ.’

ಮೌಲಾಲಿ ಬರೆದು ಒತ್ತಿದ. ಉತ್ತರ ಸರಿಯಿಲ್ಲ ಎಂದಿತು.

‘ಮೂರರಾಗ ಯಾವುದು ತಪ್ಪು ಅಂತ ಹೇಳಂಗಿಲ್ರಿ ಇದು. ಮೂರೂ ಬರೋಬರ್ ಇರಬೇಕು’ ಎಂದ ಮೌಲಾಲಿ.

ಭೀಮವ್ವ ಕುಳಿತಲ್ಲಿಂದಲೇ ಕೇಳಿದಳು, ‘ಏನಂತದ ಅದು?’

‘ಅತ್ತೀ, ಇವಳು ಹುಟ್ಟಿದ್ದು ಎಲ್ಲಿ ಅಂತ ಕೇಳಾಕತ್ತದ್ರಿ’ ಎಂದ ಮಹೇಶಕುಮಾರ.

‘ಹತ್ತಿಕುಣ್ಯಾಗ ಎಲ್ಲಿ ಹುಟ್ಯಾಳ? ದೋರನಹಳ್ಳಿ ಹೊಲದಾಗಲ್ಲ?’

ಮಹೇಶಕುಮಾರನಿಗೆ ಅದು ಹೊಸ ಸಂಗತಿ. ‘ಹೌದಾ?’ ಎಂದು ಹೆಂಡತಿಯ ಕಡೆ ನೋಡಿದ. ಮೌಲಾಲಿ ದೋರನಹಳ್ಳಿ ಎಂದು ಬರೆದ. ಅದನ್ನೂ ಒಪ್ಪಲಿಲ್ಲ.

‘ನೀನಾ ಕೊಟ್ಟಿದ್ದಲ್ಲ, ನೆನಪ ಮಾಡ್ಕೊ. ಏನ್ ಕೊಟ್ಟಿದ್ದಿ?’ ಎಂದ ಗಂಡ.

‘ನನಗ ನೆನಪಿಲ್ಲ’ ಎಂದಳು ಕವಿತಾ. ‘ಬಿಡ್ರಿ. ಅಂಗಡಿಗೆ ಒಯ್ದು ನೋಡ್ಲಿ.’

‘ಒಯ್ಯಾಕ ಬರ್ತದ್ರಿ ಮೇಡಂ. ಡಬ್ಬಿ ಬಿಚ್ಚಿ ಡಿಸ್ಕ್ ತಗದು ಬ್ಯಾರೆದಕ್ಕ ಹಚ್ಚಿ ನೋಡಬೇಕು. ಆದ್ರ ಇವತ್ತಿಗೆ ಆಗೂ ಕೆಲಸಲ್ಲ. ಅಂಗಡ್ಯಾಗ ಕೆಲಸ ಭಾಳ ಬಿದ್ದಾವು. ಇವತ್ತಾ ಬೇಕು ಅಂತೀರಿ.’

‘ಇಲ್ಲಾಂದ್ರ ಇಲ್ಲ. ಫೋಟೋ ಇಲ್ದನ ಪತ್ರಿಕಿ ಅಚ್ಚ ಹಾಕ್ಲಿ’ ಎಂದುಬಿಟ್ಟಳು.

ಅಂದ ಮೇಲೆ ಅವಳಿಗೇ ಹೇಸಿಗೆಯಾಯಿತು. ಗುಲ್ಬರ್ಗಾ ಎಂಬುದೊಂದಾದರೂ ಅವಳಿಗೆ ನೆನಪಿತ್ತು. ಅದನ್ನು ಹೇಳಿದರೆ ಉಳಿದೆರಡಕ್ಕೂ ದಾರಿಯಾಗಬಹುದಿತ್ತು. ಆದರೆ ಅವ್ವನ ಮುಂದೆ ಆ ಮಾತನ್ನು ಬಾಯಿಂದ ಹೊರಡಿಸುವುದಕ್ಕಿಂತ, ಅಪ್ಪನ ಮುಖವಿಲ್ಲದ ಪತ್ರಿಕೆಯೇ ಆಗಲಿ ಎಂದು ಅವಳ ಮನಸ್ಸು ಒಂದು ಗಳಿಗೆ ನಿಜವಾಗಿಯೂ ಒಪ್ಪಿಕೊಂಡಿತ್ತು.

ಮೌಲಾಲಿ ಎದ್ದು ನಿಲ್ಲುವುದರಲ್ಲಿದ್ದ. ಆಗ ಭೀಮವ್ವ ಹುಣಸೆಹಣ್ಣಿನಿಂದ ಕಣ್ಣೆತ್ತದೆ ಹೇಳಿದಳು:

‘ಗುಲ್ಬರ್ಗಾ ಅಂತ ಬರೀರಿ.’

ಅರ್ಧಕ್ಕೆ ಎದ್ದಿದ್ದ ಮೌಲಾಲಿ ಅವಳ ಕಡೆ ತಿರುಗಿದ.

‘ಕರಿಯೂ ಹೆಸರು ಪಿಂಕಿ. ಸಾಲಿ ಜ್ಯೋತಿ ಕಾನ್ವೆಂಟ.’

ಮಹೇಶಕುಮಾರ ನಗಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಹಾಗೇ ಮುಚ್ಚಿಕೊಂಡ. ಕವಿತಾ ಗೋಡೆ ಹಿಡಿದು ನಿಂತಿದ್ದಳು. ಕಿವಿಯಿಂದ ಕತ್ತಿನವರೆಗೆ ಕೆಂಡ ಸುರಿದಂತಾಗಿತ್ತು. ಪಿಂಕಿ! ಹೌದು, ಪಿಂಕಿ ಎಂದೇ ಹೇಳಿದ್ದಳು. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹುಡುಗಿಯ ಮುದ್ದಿನ ಹೆಸರು ಅದು. ಅವಳ ಅಪ್ಪ ಫೋನಿನಲ್ಲಿ ಹಾಗೆ ಕರೆಯುವುದು ಕೇಳಿದಾಗಲೆಲ್ಲ ಕವಿತಾ ಓದುತ್ತಿದ್ದುದನ್ನು ಬಿಟ್ಟು ಕಿವಿಗೊಡುತ್ತಿದ್ದಳು.

ಮೌಲಾಲಿ ಮತ್ತೆ ಕುಳಿತ. ಮೊದಲ ಸಲ ಆಗಲಿಲ್ಲ.

‘ಕಲಬುರಗಿ ಅಂತ ಹಾಕಬೇಕೇನೋ’ ಎಂದ ಮಹೇಶಕುಮಾರ, ಸುಮ್ಮನಿರಲಾರದೆ.

‘ಕಲಬುರ್ಗಿ ಅನ್ಲಿಲ್ಲ. ಗುಲ್ಬರ್ಗಾ ಅಂದ್ಲು’ ಎಂದಳು ಭೀಮವ್ವ. ಬೇರೆ ಯಾರದೋ ಸಂಗತಿ ಹೇಳುವವಳ ಹಾಗೆ, ಸಿಟ್ಟಿಲ್ಲದೆ ಹೇಳಿದಳು.

‘ಹಂಗಾರ ಪಿಂಕಿದಾಗ ಫರಕ್ ಇರಬೇಕು. ಮೇಡಂ, ಪಿಂಕಿಗೆ ಕೊನೀಗೆ ಐ ಹಚ್ಚಿದ್ರೇನು, ವೈ ಹಚ್ಚಿದ್ರೇನು?’

‘ಗೊತ್ತಿಲ್ರಿ.’

‘ಪಿಂಕಿ, ವೈ ಹಾಕಿ ನೋಡ್ತೀನಿ. ಇಲ್ಲ... ಬರವಲ್ದು. ಜ್ಯೋತಿಗೆ ಎಚ್ ಇತ್ತೇನ್ರಿ? ಪಿಂಕಿ ಐ, ಜ್ಯೋತಿ ಎಚ್... ಇಲ್ಲ. ಪಿಂಕಿ ವೈ, ಜ್ಯೋತಿ ಎಚ್...’

ಮೌಲಾಲಿಗೆ ಅದು ದಿನದ ಕೆಲಸ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಗಟ್ಟಿಯಾಗಿ ಹೇಳಿಕೊಂಡು ಮಾಡುವ ರೂಢಿಯಲ್ಲೇ ಇಲ್ಲಿಯೂ ಹೇಳುತ್ತಿದ್ದ. ಪ್ರತಿ ಸಲ ಅವನು ಪಿಂಕಿ ಎಂದಾಗಲೂ ಕವಿತಾಳಿಗೆ ನಾಲ್ಕು ಜನರ ನಡುವೆ ಸೆರಗು ಜಾರಿದಂತಾಗುತ್ತಿತ್ತು. ಭೀಮವ್ವ ನಡುವೆ ಒಮ್ಮೆ, ‘ದೀಪ ಹಚ್ಚೂ ಜ್ಯೋತಿ. ಅದು ಖರೇ. ಅದರಾಗ ಫರಕಿಲ್ಲ’ ಎಂದು ಸಾಕ್ಷಿ ಹೇಳಿದಳು.

ಕೊನೆಗೂ ಅದು ತೆರೆಯಿತು. ಮೌಲಾಲಿ ಕುರ್ಚಿ ಬಿಟ್ಟು ಎದ್ದು, ‘ಹೊಸದು ಹಾಕ್ರಿ ಮೇಡಂ, ನಾ ನೋಡಂಗಿಲ್ಲ’ ಎಂದು ಕಿಟಕಿಯ ಕಡೆ ಮುಖ ಮಾಡಿ ನಿಂತ. ಅಷ್ಟು ಹೊತ್ತು ಎಲ್ಲವನ್ನೂ ನೋಡಿದವನು ಈಗ ಬೆನ್ನು ತಿರುಗಿಸಿ ನಿಂತದ್ದು ಅವಳಿಗೆ ಇನ್ನೂ ನಾಚಿಕೆ ತಂದಿತು. ಕುಳಿತು ಹೊಸ ಪಾಸ್‌ವರ್ಡ್ ಇಟ್ಟಳು. ಅವನು ಚಹಾ ಕೂಡ ಕುಡಿಯದೆ ಹೊರಟ. ಬಾಗಿಲಲ್ಲಿ ಭೀಮವ್ವನಿಗೆ, ‘ಬರ್ತೀನ್ರೀ ಅವ್ವಾರ. ನೀವಿಲ್ದಿದ್ರ ಆಗ್ತಿದ್ದಿಲ್ಲ ನೋಡ್ರಿ’ ಎಂದು ಹೇಳಿ ಹೋದ. ಅವನು ಒಳ್ಳೆಯದಕ್ಕೇ ಹೇಳಿದ್ದ.

ಫೋಟೋ ಸಿಕ್ಕಿತು. ಅಂಗಳದ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಯ್ಯಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ರುಮಾಲು ಸುತ್ತಿದ ತಲೆ, ಮೊಣಕಾಲ ಮೇಲೆ ಎರಡೂ ಕೈ. ನಗು ಎಂದರೂ ನಕ್ಕಿರಲಿಲ್ಲ. ಭೀಮವ್ವ ಎದ್ದು ಬಂದು, ಹುಣಸೆಹಣ್ಣಿನ ಕೈಯನ್ನು ದೂರ ಹಿಡಿದುಕೊಂಡು, ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

‘ನೆಟ್ಟಗ ಬಂದಾನ. ಕಳಸು’ ಎಂದಳು.

ಕವಿತಾ ಕಳಿಸಿದಳು. ಮಹೇಶಕುಮಾರ ಬೀಗರಿಗೆ ಫೋನು ಮಾಡುವ ನೆಪದಲ್ಲಿ ಹೊರಗೆ ಹೋದ. ಹೋಗುವಾಗ ಹೆಂಡತಿಯ ಹತ್ತಿರ ನಿಂತು, ‘ನನಗಾದ್ರೂ ಹೇಳಬಹುದಿತ್ತು’ ಎಂದಷ್ಟೇ ಅಂದ. ಅದರಲ್ಲಿ ಬೈಗುಳವಿರಲಿಲ್ಲ. ದೋರನಹಳ್ಳಿಯ ಹೊಲದ ಮಾತನ್ನೋ, ಪಿಂಕಿಯ ಮಾತನ್ನೋ, ಯಾವುದನ್ನು ಹೇಳಬಹುದಿತ್ತು ಎಂದನೋ ಅವಳಿಗೆ ತಿಳಿಯಲಿಲ್ಲ.

ಭೀಮವ್ವ ಅಡುಗೆಮನೆಗೆ ಹೋಗಿ ಕೈ ತೊಳೆಯುತ್ತಿದ್ದಳು. ಕವಿತಾ ಹಿಂದೆಯೇ ಹೋಗಿ ಬಾಗಿಲಿಗೆ ಒರಗಿ ನಿಂತಳು.

‘ಅವ್ವಾ, ಅವತ್ತ ನೀ ಕೇಳಿಸಿಕೊಂಡಿದ್ದೇನು?’

‘ಪರದಿ ಅಲ್ಲೇನು, ಗ್ವಾಡಿ ಅಲ್ಲಲ್ಲ.’

‘ಮತ್ತ ಯಾಕ ಏನೂ ಅನ್ಲಿಲ್ಲ?’

‘ಏನಂತ ಅನ್ಲಿ?’ ಭೀಮವ್ವ ಸೆರಗಿಗೆ ಕೈ ಒರೆಸಿಕೊಂಡಳು. ‘ಓದಿದವ್ರ ನಡುವ ಹಂಗ ಹೇಳಬೇಕಾಗ್ತದೇನೋ ಅಂದ್ಕೊಂಡೆ. ನಿನಗ ಅದರಿಂದ ಒಳ್ಳೇದಾಗ್ತದಂದ್ರ ಆಗ್ಲಿ ಬಿಡು ಅಂದೆ.’

‘ಇಷ್ಟ ವರ್ಷ ಹ್ಯಾಂಗ ನೆನಪಿಟ್ಟಿ? ನನಗಾ ನೆನಪಿದ್ದಿಲ್ಲ.’

‘ಬಾಯಿಪಾಠ ಮಾಡಿದೆ. ನಾಳೆ ಆ ಮೇಡಂ ಎಲ್ಲ್ಯಾರ ಸಿಕ್ಕು, ನಿಮ್ಮ ಮಗಳು ಹುಟ್ಟಿದ್ದೆಲ್ಲಿ ಅಂತ ಕೇಳಿದ್ರ? ನೀ ಒಂದ ಹೇಳಿ, ನಾ ಒಂದ ಹೇಳಿ, ನಿನ್ನ ಮಾನ ಹೋಗಬಾರದಲ್ಲ. ಕುರಿ ಹಿಂದ ಹೋಗುವಾಗ ದಿನಾ ಅಂದ್ಕೊಂಡೆ. ಗುಲ್ಬರ್ಗಾ, ಪಿಂಕಿ, ಜ್ಯೋತಿ ಕಾನ್ವೆಂಟ.’

ಅವ್ವ ಬಯ್ದಿದ್ದರೆ, ಅತ್ತಿದ್ದರೆ, ‘ಹೆತ್ತವ್ರು ಬ್ಯಾಡಾದೇವೇನು’ ಎಂದು ಕೇಳಿದ್ದರೆ ಕವಿತಾ ಏನಾದರೊಂದು ಉತ್ತರ ಕೊಡಬಹುದಿತ್ತು. ಕುರುಚಲು ಗಿಡಗಳ ನಡುವೆ ಕೋಲು ಹಿಡಿದು ನಡೆಯುತ್ತ, ತನ್ನ ಮಗಳು ತನಗೆ ಹುಟ್ಟಲೇ ಇಲ್ಲ ಎನ್ನುವಂಥ ಮೂರು ಮಾತುಗಳನ್ನು ತಾನೇ ಬಾಯಿಪಾಠ ಮಾಡುತ್ತ ಹೋಗುವ ಅವ್ವ ಕಣ್ಣ ಮುಂದೆ ಬಂದಳು. ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು: ಆ ಭಾನುವಾರದ ನಂತರ ಅವ್ವ ಒಂದು ದಿನವೂ ತನ್ನನ್ನು ತಿಪ್ಪಿ ಎಂದು ಕರೆದಿಲ್ಲ. ಫೋನಿನಲ್ಲೂ ಇಲ್ಲ, ಅಪ್ಪ ಸತ್ತ ದಿನ ಅಳುವಾಗಲೂ ಇಲ್ಲ. ಕವಿತಾ, ತಂಗಿ, ಯವ್ವಾ, ಹೀಗೇ ಏನೋ. ತನಗದು ಹಾಯೆನಿಸಿತ್ತೇ ಹೊರತು, ಯಾಕೆ ನಿಲ್ಲಿಸಿದಳು ಎಂದು ಕೇಳಬೇಕೆನಿಸಿರಲಿಲ್ಲ.

‘ಅಪ್ಪಗೂ ಕೇಳಿಸಿತ್ತೇನು?’

ಭೀಮವ್ವ ಒಣಗಿದ ಕೈಯನ್ನೇ ಮತ್ತೊಮ್ಮೆ ಸೆರಗಿಗೆ ಒರೆಸಿಕೊಂಡಳು. ‘ಅವನ ಕಿವಿ ಮಂದ ಆಗಿದ್ವು. ಏನ್ ಅಂತಾಳ ಅಂದ. ಕಂಪ್ಯೂಟರಿನ ಮಾತು, ನಿನಗ ತಿಳಿಯಂಗಿಲ್ಲ, ಸುಮ್ನ ಚಾ ಕುಡಿ ಅಂದೆ.’

ಅದು ನಿಜವೋ, ಇದೂ ತನಗಾಗಿ ಹೇಳಿದ್ದೋ ಕವಿತಾಳಿಗೆ ಗೊತ್ತಾಗಲಿಲ್ಲ. ಅಪ್ಪನ ಕಿವಿ ಮಂದವಾಗಿದ್ದದ್ದು ಅವಳಿಗೆ ನೆನಪಿರಲಿಲ್ಲ. ಮತ್ತೊಂದು ಸಲ ಕೇಳುವ ಧೈರ್ಯ ಬರಲಿಲ್ಲ.

‘ತಪ್ಪಾತವ್ವಾ’ ಎಂದಳು.

‘ಆತು ಬಿಡು. ಸೀರಿ ಅಂಗಡಿ ಮುಚ್ಚತಾರ, ನಡಿ’ ಎಂದಳು ಭೀಮವ್ವ.

ಮದುವೆ ರಂಗಂಪೇಟೆಯಲ್ಲಿ ಚೆನ್ನಾಗಿಯೇ ಆಯಿತು. ಕವಿತಾ ಶಾಲೆಯವರನ್ನೆಲ್ಲ ಕರೆದಿದ್ದಳು. ಮೊದಲಾಗಿದ್ದರೆ ಏನಾದರೂ ನೆಪ ತೆಗೆದು ಕರೆಯುತ್ತಿರಲಿಲ್ಲ. ಈ ಸಲ ಪರಿಮಳಾಳ ಮನೆಗೆ ತಾನೇ ಹೋಗಿ ಪತ್ರಿಕೆ ಕೊಟ್ಟು ಬಂದಿದ್ದಳು. ಪರಿಮಳಾ ಬಂದಳು. ಊಟ ಮುಗಿಸಿ ಕೈ ತೊಳೆದುಕೊಂಡು ಬಂದವಳನ್ನು ಕವಿತಾ ಕೈ ಹಿಡಿದು, ಹೆಂಗಸರ ನಡುವೆ ಹೊಸ ಇಳಕಲ್ ಸೀರೆಯುಟ್ಟು ಕುಳಿತಿದ್ದ ಭೀಮವ್ವನ ಹತ್ತಿರ ಕರೆದುಕೊಂಡು ಹೋದಳು.

‘ಮೇಡಂ, ನಮ್ಮವ್ವರಿ.’

‘ನಮಸ್ಕಾರ ಅಮ್ಮಾ. ನಿಮ್ಮ ಮಗಳು ನಮ್ಮ ಸಾಲ್ಯಾಗ ಭಾಳ ಛಲೋ ಕಲಸ್ತಾರ್ರಿ’ ಎಂದಳು ಪರಿಮಳಾ. ಕುಳಿತುಕೊಳ್ಳುತ್ತ, ಏನಾದರೂ ಮಾತಾಡಬೇಕಲ್ಲ ಎಂದು, ‘ನಿಮ್ಮದು ಮೊದಲಿಂದ ಹತ್ತಿಕುಣಿ ಏನ್ರಿ?’ ಎಂದು ಕೇಳಿದಳು.

ಭೀಮವ್ವ ನೆಟ್ಟಗೆ ಕುಳಿತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಶಾಲೆ ಇನ್‌ಸ್ಪೆಕ್ಟರ್ ಮುಂದೆ ನಿಂತ ಮಗುವಿನ ಹಾಗೆ ಅವಳ ಮುಖ ಬಿಗಿಯಾಯಿತು.

‘ನಂದು ಹತ್ತಿಕುಣಿರಿ. ಆದ್ರ ಈಕಿ ಹುಟ್ಟಿದ್ದು ಗುಲ್ಬರ್ಗಾದಾಗ್ರಿ ಮೇಡಂ. ದೊಡ್ಡ ದವಾಖಾನ್ಯಾಗ.’

ಸುತ್ತ ಕುಳಿತವರಲ್ಲಿ ಅವ್ವನ ಜೊತೆ ಕುರಿ ಕಾದ ಇಬ್ಬರು ಹೆಂಗಸರೂ ಇದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಮ್ಮನಿದ್ದರೆ ಅವ್ವ ಈ ಸುಳ್ಳನ್ನು ಸಾಯುವ ತನಕ ಹೊತ್ತುಕೊಂಡೇ ತಿರುಗುತ್ತಾಳೆ ಎಂದು ಕವಿತಾಳಿಗೆ ಅನಿಸಿತು.

‘ಇಲ್ರಿ ಮೇಡಂ’ ಎಂದಳು. ಅವಳ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. ‘ನಾ ಹುಟ್ಟಿದ್ದು ದೋರನಹಳ್ಳಿ ಹೊಲದಾಗ್ರಿ, ಕುರಿಹಟ್ಟ್ಯಾಗ. ಅವತ್ತ ಕಂಪ್ಯೂಟರಿನ ಮುಂದ ನಿಮಗ ನಾ ಸುಳ್ಳ ಹೇಳಿದ್ದೆ. ಅದನ್ನಾ ಅವ್ವ ಈಗ ಹೇಳಾಕತ್ತಾಳ.’

ಪರಿಮಳಾ ಕಣ್ಣು ಪಿಳುಕಿಸಿದಳು. ‘ಯಾವತ್ತರಿ? ಕಂಪ್ಯೂಟರಾ? ಅಯ್ಯೋ, ನನಗ ಅದೇನೂ ನೆನಪಿಲ್ಲ ಬಿಡ್ರಿ’ ಎಂದು ನಕ್ಕಳು. ‘ಎಲ್ಲಿ ಹುಟ್ಟಿದ್ರೇನು. ಸಜ್ಜಕ ಭಾಳ ರುಚಿ ಆಗಿತ್ತು. ಯಾರ ಕೈಯ್ಯಾಗ ಮಾಡ್ಸಿದ್ರಿ?’

ಯಾರಿಗಾಗಿ ಅಷ್ಟೆಲ್ಲ ಹೇಳಿದ್ದಳೋ ಅವಳಿಗೆ ಅದೊಂದು ಮಾತೂ ತಲೆಯಲ್ಲಿ ಉಳಿದಿರಲಿಲ್ಲ. ಕವಿತಾ ಅಡುಗೆಯವರ ಹೆಸರು ಹೇಳಿದಳು, ಅವರ ಊರನ್ನೂ ಹೇಳಿದಳು. ಏನು ಹೇಳಿದೆನೆಂದು ಅವಳಿಗೇ ಕೇಳಿಸಲಿಲ್ಲ. ಭೀಮವ್ವ ತಲೆ ತಗ್ಗಿಸಿ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

ಪರಿಮಳಾ ಪಕ್ಕದವರೊಡನೆ ಮಾತಿಗಿಳಿದಾಗ ಭೀಮವ್ವ ಮಗಳ ಕೈ ಗಟ್ಟಿಯಾಗಿ ಹಿಡಿದು ಹತ್ತಿರ ಎಳೆದುಕೊಂಡಳು.

‘ಯಾಕ ಹೇಳಿದಿ?’

‘ಖರೇ ಅಲ್ಲೇನವ್ವಾ?’

‘ಖರೇ ಹೇಳೂದಿದ್ರ ನನಗ ಮೊದಲಾ ಹೇಳಬೇಕಿತ್ತು. ಮಂದ್ಯಾಗ ನನ್ನ ಸುಳ್ಳುಗಾತಿ ಮಾಡಿದೆಲ್ಲ. ಮೂರು ವರ್ಷ ನಾ ನೆನಪಿಟ್ಟಿದ್ದು ಇದಕ್ಕೇನು?’

ಅವ್ವ ಹೇಳಿದ್ದು ಸರಿಯಾಗಿತ್ತು. ಕವಿತಾ ತನ್ನ ಎದೆಯ ಭಾರ ಇಳಿಸಿಕೊಳ್ಳುವ ಅವಸರದಲ್ಲಿ ಅದನ್ನು ಅವ್ವನ ತಲೆಯ ಮೇಲೆ ಹಾಕಿದ್ದಳು, ಅದೂ ಅವ್ವ ಮೊದಲ ಸಲ ಹೊಸ ಸೀರೆಯುಟ್ಟು ನಾಲ್ಕು ಜನರ ನಡುವೆ ಗಂಡಿನ ತಾಯಿಯಾಗಿ ಕುಳಿತ ದಿನ.

‘ಹೋಗು, ನಿಮ್ಮ ಮೇಡಂ ಎದ್ದಾರ. ಎಲಿ ಅಡಿಕಿ ಕೊಟ್ಟು ಕಳಸು’ ಎಂದು ಭೀಮವ್ವ ಕೈ ಬಿಟ್ಟಳು.

ಕವಿತಾ ಪರಿಮಳಾಳಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು, ರಸ್ತೆಯ ತನಕ ಹೋಗಿ ಆಟೋ ಹತ್ತಿಸಿದಳು. ಬಿಸಿಲು ಕಾದಿತ್ತು. ತಿರುಗಿ ಬರುವಾಗ ಪೆಂಡಾಲಿನ ಹೊರಗೆ ಸ್ವಲ್ಪ ಹೊತ್ತು ನಿಂತಳು. ಮಹೇಶಕುಮಾರ ಬಡಿಸುವವರ ನಡುವಿನಿಂದ, ‘ಏನ್ ಬಿಸಲಾಗ ನಿಂತೀದಿ?’ ಎಂದು ಕೂಗಿದ. ಹೋದಳು.

ಹೆಂಗಸರು ಹರಟೆಗೆ ಕುಳಿತಿದ್ದರು. ಅವ್ವನ ಪಕ್ಕ ಜಾಗವಿರಲಿಲ್ಲ. ಕವಿತಾ ಅಲ್ಲೇ ಚಾಪೆಯ ತುದಿಗೆ, ಅರ್ಧ ನೆಲದ ಮೇಲೆ ಕುಳಿತಳು. ಭೀಮವ್ವ ಅವಳ ಕಡೆ ನೋಡಲಿಲ್ಲ, ಮಾತಾಡಿಸಲೂ ಇಲ್ಲ. ಪಕ್ಕದ ಹೆಂಗಸಿಗೆ ಹೊಸ ಸೊಸೆಯ ಗುಣದ ಮಾತು ಹೇಳುತ್ತಲೇ, ಸೀರೆ ಸರಿಮಾಡಿಕೊಳ್ಳುವವಳ ಹಾಗೆ, ಒಂದು ಗೇಣು ಅತ್ತ ಸರಿದು, ಈಚೆ ಚಾಪೆಯ ಮೇಲೆ ಜಾಗ ಬಿಟ್ಟು ಕುಳಿತಳು.